ನೆಲ್ಲಿಕಾಯಿ ಆರಿಸೋ ಹಕ್ಕು, ಕಾಡು ನೋಡ್ಕೊಳ್ಳೋ ಹಕ್ಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಲಿ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟು ಜನ ಸೋಲಿಗರಿಗೆ 2011ರಲ್ಲಿ ಸಿಕ್ಕ ಸಮುದಾಯ ಅರಣ್ಯ ಹಕ್ಕಿನ (ಅಂದ್ರೆ ಊರವರೆಲ್ಲ ಸೇರಿ ಕಾಡು ಬಳಸೋ ಹಕ್ಕಿನ) ಬಗ್ಗೆ ಅರ್ಧ ಪುಟ ಬರ್ದಿದ್ದೆ, ಅಷ್ಟೇ. ಅದಕ್ಕೆ ಇಷ್ಟೊಂದು ಪತ್ರ, ಇಮೇಲು, ವಾಟ್ಸಾಪ್ ಮೆಸೇಜು ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಕೆಲವರು ಕೋಪದಲ್ಲೇ ಬರ್ದಿದ್ದಾರೆ, ಪರವಾಗಿಲ್ಲ, ಕಾಡಿನ ಮೇಲೆ ಪ್ರೀತಿ ಇರೋರಿಗೇ ಕೋಪ ಬರೋದು. ಹೆಸರು ಹಾಕ್ಬೇಡಿ ಅಂತ ಒಂದಿಬ್ಬರು ಕೇಳಿದ್ರಿಂದ ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಾವು ವರ್ಷಕ್ಕೊಂದ್ಸಲ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗ್ತೀವಿ, ದರ್ಶನ ಮುಗಿಸಿ ಮಧ್ಯಾಹ್ನದೊಳಗೆ ಇಳಿದು ಬಂದ್ಬಿಡ್ತೀವಿ. ಸೋಲಿಗರು ರಂಗನಾಥನನ್ನ ಭಾವ ಅಂತ ಕರೀತಾರೆ ಅಂತ ನೀವು ಬರ್ದಿದ್ದು ಓದಿ ಆಶ್ಚರ್ಯ ಆಯ್ತು. ನಿಜಾನಾ ಮೇಡಂ? ಮತ್ತೆ ಪೋಡು ಅಂದ್ರೆ ಏನು? (ಗೃಹಿಣಿ, ಮೈಸೂರು)

ಉತ್ತರ: ನಿಜಾನೇ. ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆನ ಮೆಚ್ಚಿ ಮದ್ವೆಯಾದ ಅನ್ನೋದು ಅವರ ಕಥೆ. ಅಂದ್ಮೇಲೆ ಅವನು ಕುಲದ ಅಳಿಯ, ಎಲ್ಲರಿಗೂ ಭಾವ, ರಂಗಭಾವ. ನಾವು ಕೈಮುಗಿದು ಬೇಡ್ಕೊಳ್ಳೋ ದೇವರ ಹತ್ರ ಅವರು ನೆಂಟನ ಹತ್ರ ಮಾತಾಡೋ ಸಲಿಗೆಲಿ ಮಾತಾಡ್ತಾರೆ.

ಪೋಡು ಅಂದ್ರೆ ಸೋಲಿಗರ ಊರು. ನಿಮ್ಮ ಕಡೆ ಜೇನುಕುರುಬರ ವಾಸದ ಜಾಗಕ್ಕೆ ಹಾಡಿ ಅಂತಾರಲ್ಲ, ಹಾಗೆ. ಬಿಆರ್‌ಟಿ (ಅಂದ್ರೆ ಬಿಳಿಗಿರಿರಂಗನ ಬೆಟ್ಟ) ಕಾಡಿನ ಒಳಗೂ ಅಂಚಲ್ಲೂ ಸೇರಿ ಅಂಥ 60ರ ಆಸುಪಾಸು ಪೋಡುಗಳಿವೆ. ಆದ್ರೆ ಪೋಡಿಗಿಂತ ನೀವು ತಿಳ್ಕೋಬೇಕಾದ ಇನ್ನೊಂದು ಮಾತಿದೆ, ಎಲ್ಲೆ. ಒಂದೊಂದು ಕುಲಕ್ಕೂ ಕಾಡಲ್ಲಿ ಒಂದೊಂದು ಎಲ್ಲೆ ಅಂತ ಇರುತ್ತೆ, ಆ ಎಲ್ಲೆ ಒಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಐದು ಥರದ ಪೂಜೆ ಜಾಗಗಳು. ಅಬ್ಬಿ ಅಂದ್ರೆ ನೀರಿನ ಒರತೆ, ಕಲ್ಲುಗುಡಿ ಅಂದ್ರೆ ತೀರಿಕೊಂಡವರನ್ನ ನೆನೆಸೋ ಕಲ್ಲಿನ ಜಾಗ. ಕುಲದವರೇ ಆ ಎಲ್ಲೆನ ನೋಡ್ಕೊಳ್ಬೇಕು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರ ಜೊತೆ ಸೋಲಿಗ ಹಿರಿಯರು ಕಾಡೆಲ್ಲ ಸುತ್ತಿ, ಜಿಪಿಎಸ್ ಹಿಡ್ಕೊಂಡು ಈ ಜಾಗಗಳನ್ನೆಲ್ಲ ನಕ್ಷೆ ಮೇಲೆ ಗುರುತು ಹಾಕಿದ್ದಾರೆ, ಆ ನಕ್ಷೆಲಿ ನೂರಾರು ಚುಕ್ಕೆಗಳಿವೆ. ನೀವು ಬಸ್ಸಲ್ಲಿ ಕೂತು ಖಾಲಿ ಕಾಡು ಅಂತ ನೋಡ್ಕೊಂಡು ಹೋಗೋ ದಾರಿಯ ಎರಡೂ ಕಡೆ ಯಾರದ್ದೋ ಅಜ್ಜಿ ಹೆಸರಿನ ಒರತೆ ಇದೆ, ಯಾರೋ ಪೂಜೆ ಮಾಡೋ ಮರ ಇದೆ. ಮುಂದಿನ ಸಲ ಹೋದಾಗ ದೊಡ್ಡಸಂಪಿಗೆ ಬಗ್ಗೆ ಕೇಳಿ, ಆರುನೂರು ವರ್ಷಕ್ಕೂ ಹಳೇದು ಅಂತ ಹೇಳೋ ಆ ಸಂಪಿಗೆ ಮರದ ಬುಡದಲ್ಲಿ ಸಾಲಾಗಿ ಕಲ್ಲುಗಳಿವೆ, ಅವು ಅವರ ಲಿಂಗಗಳು.

ಪ್ರಶ್ನೆ: ನಾನು ವೈಲ್ಡ್‌ಲೈಫ್ ಫೋಟೋಗ್ರಫಿ ಮಾಡ್ತೀನಿ, ಹದಿನೈದು ವರ್ಷದಿಂದ ಕಾಡು ಸುತ್ತಿದ್ದೀನಿ. ನಿಮ್ಮ ಬರಹ ತುಂಬಾ ಭಾವುಕ ಅನ್ನಿಸ್ತು. ಹುಲಿಗೆ ಜನ ಇಲ್ಲದ ಜಾಗ ಬೇಕು. ಟೈಗರ್ ರಿಸರ್ವ್ ಒಳಗೆ ಜನರಿಗೆ ಹಕ್ಕುಪತ್ರ ಕೊಡ್ತಾ ಹೋದ್ರೆ ಇನ್ನಿಪ್ಪತ್ತು ವರ್ಷಕ್ಕೆ ಹುಲಿನೂ ಇರಲ್ಲ ಕಾಡೂ ಇರಲ್ಲ. ಇದಕ್ಕೇನಂತೀರಿ? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಸರ್, ನಿಮ್ಮ ಭಯ ನಂಗೂ ಒಂದು ಕಾಲದಲ್ಲಿ ಇತ್ತು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದ್ಲು ಯಾವುದು ಯಾವಾಗ ಆಯ್ತು ನೋಡಿ. ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯ ಆಗಿದ್ದು 1974ರಲ್ಲಿ. ಆಗ ಕಾಡೊಳಗೆ ಅಲ್ಲಲ್ಲಿ ಕುಮರಿ ಬೇಸಾಯ (ಕಾಡಿನ ಸಣ್ಣ ತುಂಡು ಸುಟ್ಟು ಬಿತ್ತೋದು) ಮಾಡ್ಕೊಂಡು, ಜಾಗ ಬದಲಾಯಿಸ್ತಾ ಇದ್ದ ಸೋಲಿಗರನ್ನ ತಂದು ಒಂದೇ ಕಡೆ ಪೋಡು ಮಾಡಿ ಕೂರಿಸಿದ್ರು, ಬೇಟೆ ನಿಂತೋಯ್ತು, ಬೇಸಾಯ ನಿಂತೋಯ್ತು, ಬೆಂಕಿ ಹಾಕೋದು ನಿಂತೋಯ್ತು. ಉಳಿದಿದ್ದು ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ, ಮರದ ಪಾಚಿ ಇಂಥದ್ದನ್ನ ತಂದು ಲ್ಯಾಂಪ್ಸ್ ಸೊಸೈಟಿಗೆ, ಅಂದ್ರೆ ಬುಡಕಟ್ಟಿನವರ ಸಹಕಾರ ಸಂಘಕ್ಕೆ, ಹಾಕೋದು. ಆಮೇಲೆ 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು, ಅದರ ಆಧಾರದ ಮೇಲೆ ಅಭಯಾರಣ್ಯದೊಳಗೆ ಮಾರಾಟಕ್ಕೆ ಅಂತ ಏನೂ ಸಂಗ್ರಹ ಮಾಡೋ ಹಾಗಿಲ್ಲ ಅಂದ್ಬಿಟ್ರು. ಮನೆಗೆ ಬರ್ತಿದ್ದ ಕಾಸಿನ ದೊಡ್ಡ ಪಾಲು ಅಲ್ಲಿಂದಾನೇ ಬರ್ತಿತ್ತು, ಅದೂ ಹೋಯ್ತು. 2011ರ ಜನವರಿಲಿ ಟೈಗರ್ ರಿಸರ್ವ್ ಅಂತ ಘೋಷಣೆ ಆಯ್ತು. ಅದೇ ವರ್ಷ ಅಕ್ಟೋಬರಲ್ಲಿ 25 ಗ್ರಾಮಸಭೆಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ತು, ಟೈಗರ್ ರಿಸರ್ವ್ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲನೇ ಸಲ.

ಅಂದ್ರೆ ನೀವು ಹೇಳೋ ಭಯ ನಿಜಾನಾ ಸುಳ್ಳಾ ಅಂತ ನೋಡೋಕೆ ನಮ್ಮ ಹತ್ರ ಒಂದು ಕಾಡು ಇದೆ. ಬಿಆರ್‌ಟಿಲಿ 2010ರ ಎಣಿಕೆಲಿ 35 ಹುಲಿ ಇದ್ದಿದ್ದು 2014ಕ್ಕೆ 68 ಆಯ್ತು ಅಂತ ಆಗ ಎಲ್ಲ ಕಡೆ ಸುದ್ದಿ ಆಗಿತ್ತು. ಸೋಲಿಗರಿಗೆ ಹಕ್ಕು ಕೊಟ್ಟಿದ್ದಕ್ಕೇ ಹುಲಿ ಜಾಸ್ತಿ ಆಯ್ತು ಅಂತ ನಾನು ಹೇಳಲ್ಲ, ಕ್ಯಾಮೆರಾ ಟ್ರ್ಯಾಪ್ ಜಾಸ್ತಿ ಇಟ್ರೂ ಎಣಿಕೆ ಏರುತ್ತೆ, ಅಕ್ಕಪಕ್ಕದ ಸತ್ಯಮಂಗಲ ಬಂಡೀಪುರದ ಕಡೆಯಿಂದ ಓಡಾಡೋ ಹುಲಿಗಳೂ ಇವೆ. ಆದ್ರೆ ಹಕ್ಕು ಕೊಟ್ರೆ ಹುಲಿ ಹೋಗುತ್ತೆ ಅನ್ನೋ ಮಾತು ಅಲ್ಲಿ ನಿಜ ಆಗ್ಲಿಲ್ಲ, ಇಷ್ಟನ್ನಂತೂ ಖಂಡಿತ ಹೇಳ್ಬಹುದು. ಇನ್ನೊಂದು ವಿಷಯ, ನೀವು ಸಫಾರಿ ಹೋದಾಗ ಮುಂದೆ ಕೂತು ಹೆಜ್ಜೆ ಗುರುತು ನೋಡಿ ಗಾಡಿ ನಿಲ್ಲಿಸಿ ಅನ್ನೋರು ಯಾರು, ಬೇಟೆ ತಡೆ ಕ್ಯಾಂಪಲ್ಲಿ ರಾತ್ರಿ ಇರೋ ವಾಚರುಗಳು ಯಾರು, ಬೇಸಿಗೆಲಿ ಸೊಪ್ಪು ಹಿಡ್ಕೊಂಡು ಬೆಂಕಿ ಬಡಿಯೋರು ಯಾರು? ಬಹಳಷ್ಟು ಸೋಲಿಗರೇ. ದಿನಗೂಲಿ ಲೆಕ್ಕದಲ್ಲಿ ಅವರು ಕಾಡು ಕಾಯ್ಬಹುದು, ಹಕ್ಕುದಾರರಾಗಿ ಕಾಯೋಕಾಗಲ್ಲ ಅಂದ್ರೆ ನಂಗೆ ಒಪ್ಪಕ್ಕಾಗಲ್ಲ ಸರ್.

ಅರಣ್ಯ ಹಕ್ಕು ಕಾಯ್ದೆಲೂ ಹುಲಿನ ಕೈಬಿಟ್ಟಿಲ್ಲ. ಜನ ಇದ್ದು ಪ್ರಾಣಿಗೆ ಸರಿಪಡಿಸಲಾಗದ ತೊಂದ್ರೆ ಆಗ್ತಿದೆ, ಒಟ್ಟಿಗೆ ಬಾಳೋಕೆ ಬೇರೆ ದಾರಿನೇ ಇಲ್ಲ ಅಂತ ಸಾಬೀತಾದ್ರೆ ಜನರನ್ನ ಸ್ಥಳಾಂತರ ಮಾಡೋಕೆ ಅವಕಾಶ ಇದೆ, ಆದ್ರೆ ಮೊದ್ಲು ಅವರ ಹಕ್ಕು ಗುರುತಿಸಿ ಮುಗಿಸಿರ್ಬೇಕು, ಆ ಗ್ರಾಮಸಭೆ ಎಲ್ಲ ತಿಳ್ಕೊಂಡು ಮನಸ್ಸಿಂದ ಒಪ್ಪಿರ್ಬೇಕು, ಹೋಗೋ ಜಾಗದಲ್ಲಿ ಮನೆ ಜಮೀನು ರೆಡಿ ಇರ್ಬೇಕು. ಪ್ರಾಣಿಗೋಸ್ಕರ ಖಾಲಿ ಮಾಡಿಸಿದ ಆ ಜಾಗನ ಆಮೇಲೆ ಬೇರೆ ಯಾವ ಕೆಲಸಕ್ಕೂ ಕೊಡೋ ಹಾಗಿಲ್ಲ ಅಂತಾನೂ ಅದ್ರಲ್ಲೇ ಬರ್ದಿದೆ.

ಪ್ರಶ್ನೆ: ಅಕ್ಕಾ, ನಾನು ಬಿಎಸ್ಸಿ ಓದ್ತಿದ್ದೀನಿ. ನಮ್ಮ ತಾತ ಫಾರೆಸ್ಟಲ್ಲಿ ಕೂಲಿ ಕೆಲಸ ಮಾಡಿದವ್ರು, ಹಿಂದೆ ಸೋಲಿಗ್ರು ಕಾಡಿಗೆ ಬೆಂಕಿ ಹಾಕ್ತಿದ್ರು ಅದಕ್ಕೇ ಕಾಡು ಚೆನ್ನಾಗಿತ್ತು ಅಂತಾರೆ. ನಮ್ಮ ಲೆಕ್ಚರರ್ ಬೆಂಕಿ ಅಂದ್ರೆ ಕಾಡಿನ ಶತ್ರು ಅಂತಾರೆ. ಯಾರು ಸರಿ? (ವಿದ್ಯಾರ್ಥಿನಿ, ಚಾಮರಾಜನಗರ)

ಉತ್ತರ: ತಾತ ಹೇಳಿದ್ದು ಸರಿ, ಆದ್ರೆ ಯಾವ ಬೆಂಕಿ ಅನ್ನೋದು ಮುಖ್ಯ ಕಣಮ್ಮ. ಸೋಲಿಗರು ಅದಕ್ಕೆ ತರಗು ಬೆಂಕಿ ಅಂತಾರೆ. ತರಗೆಲೆ ಮಾತ್ರ ಉರಿಯೋ ಬೆಂಕಿ. ಚಳಿ ಮುಗಿತಾ ಬರೋ ಹೊತ್ತಿಗೆ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರೋವಾಗ್ಲೇ ಹಾಕೋದು, ಮೊಣಕಾಲೆತ್ತರಕ್ಕೂ ಏಳದೆ ನೆಲದ ಮೇಲೆ ಹಾಗೇ ಸರಿದುಹೋಗುತ್ತೆ. ಎಳೆ ಹುಲ್ಲು ಬರುತ್ತೆ, ಜಿಂಕೆ ಕಡವೆ ಮೇಯೋಕೆ ಬರ್ತವೆ, ಉಣ್ಣೆ ಹುಳ ಸಾಯುತ್ತೆ, ದಾರಿ ಕಾಣುತ್ತೆ, ಬೇಡದ ಗಿಡದ ಮೊಳಕೆ ಸುಟ್ಟೋಗುತ್ತೆ. ಬೇಸಿಗೆಲಿ ಎಲ್ಲಾ ಒಣಗಿ ಗರಿಗರಿ ಆದ್ಮೇಲೆ ಬೀಳೋ ಬೆಂಕಿ ಇದೆಯಲ್ಲ, 2019ರ ಫೆಬ್ರವರಿ ಕೊನೆಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ತಿಂದ ಬೆಂಕಿ, ಅದನ್ನ ನಿಮ್ಮ ಲೆಕ್ಚರರ್ ಶತ್ರು ಅಂದ್ರೆ ತಪ್ಪೇನಿಲ್ಲ.

1974ರ ನಂತರ ತರಗು ಬೆಂಕಿ ನಿಂತಿದ್ದು ಹೇಳಿದ್ನಲ್ಲ, ಅದರ ಜಾಗಕ್ಕೆ ಬಂದಿದ್ದು ಲಂಟಾನಾ, ಹೊರದೇಶದಿಂದ ಬಂದ ಪೊದೆ ಕಳೆ. 1997ರಿಂದ 2008ರವರೆಗೆ, ಬರೀ ಹನ್ನೊಂದು ವರ್ಷದಲ್ಲಿ, ಬಿಆರ್‌ಟಿಲಿ ಲಂಟಾನಾ ಹಬ್ಬಿದ ಜಾಗ ಹೆಚ್ಚುಕಮ್ಮಿ ಎರಡು ಪಟ್ಟಾಯ್ತು ಅಂತ ಏಟ್ರೀ ಸಂಶೋಧಕರು ಅಳತೆ ಮಾಡಿ ತೋರಿಸಿದ್ರು. ಅದ್ರ ಕೆಳಗೆ ಹುಲ್ಲು ಬರಲ್ಲ, ಸಸಿ ಬರಲ್ಲ, ಆನೆಗೆ ನುಗ್ಗೋಕೂ ಕಷ್ಟ. ಸೋಲಿಗರ ಹಿರಿಯರು ಇದನ್ನ ಅದಕ್ಕಿಂತ ಎಷ್ಟೋ ಮೊದ್ಲಿಂದ ಹೇಳ್ತಾನೇ ಇದ್ರು, ಬೆಂಕಿ ನಿಂತಿದ್ದಕ್ಕೆ ಹೀಗಾಗಿದೆ ಅಂತ, ಕೇಳೋರು ಇರ್ಲಿಲ್ಲ.

ನೆಲ್ಲಿಕಾಯಿ ಕಥೆ ಇನ್ನೂ ಚೆನ್ನಾಗಿದೆ, ನೀನು ಬಿಎಸ್ಸಿ ಅಂತ ಹೇಳಿದ್ದಕ್ಕೆ ಇದನ್ನ ಬಿಡಿಸಿ ಹೇಳ್ತೀನಿ. ಬೆಟ್ಟದಲ್ಲಿ ಎರಡು ಜಾತಿ ನೆಲ್ಲಿ ಇದೆ, ಎರಡೂ ಕಡಿಮೆ ಆಗ್ತಾ ಬಂತು. ಸೋಲಿಗರು ಕಾಯೆಲ್ಲ ಕಿತ್ಕೊಂಡು ಹೋಗ್ತಾರೆ, ಬೀಜ ಬೀಳಲ್ಲ, ಅದಕ್ಕೇ ಹೊಸ ಗಿಡ ಬರ್ತಿಲ್ಲ ಅಂತ ಹೊರಗಿನವರು ಅಂದ್ಕೊಂಡ್ರು. ಸೋಲಿಗರು ಬೇರೆ ಹೇಳಿದ್ರು: ಮರದ ಮೇಲೆ ಉಪ್ಪಿಲು ಕೂತಿದೆ, ಅದು ಮರನ ಕೊಲ್ತಿದೆ, ಹಿಂದೆ ಬೆಂಕಿ ಇದ್ದಾಗ ಉಪ್ಪಿಲು ಇಷ್ಟು ಇರ್ಲಿಲ್ಲ ಅಂತ. ಉಪ್ಪಿಲು ಅಂದ್ರೆ ಬಂದಳಿಕೆ, ಇನ್ನೊಂದು ಮರದ ಕೊಂಬೆಗೆ ಬೇರು ಇಳಿಸಿ ಅದರ ರಸ ಹೀರ್ಕೊಂಡು ಬದುಕೋ ಗಿಡ. ಸಂಶೋಧಕರು ಹತ್ತು ವರ್ಷ ಮರಗಳ ಲೆಕ್ಕ ಇಟ್ಟು ನೋಡಿದಾಗ ಕಾಯಿ ಕೀಳೋದ್ರಿಂದ ಆಗೋ ತೊಂದ್ರೆಗಿಂತ ಉಪ್ಪಿಲು ಲಂಟಾನಾದಿಂದ ಆಗೋದೇ ಜಾಸ್ತಿ ಅಂತ ಕಂಡಿತು. ಕಾಡಲ್ಲಿ ಹುಟ್ಟಿ ಬೆಳೆದವರು ಬಾಯಲ್ಲಿ ಹೇಳಿದ್ದನ್ನ ವಿಜ್ಞಾನ ಅಳೆದು ನೋಡಿ ಹೌದು ಅಂದಿದ್ದು. ನಿಮ್ಮ ಕಾಲೇಜಲ್ಲಿ ಇದನ್ನ ಸೆಮಿನಾರ್ ವಿಷಯ ಮಾಡ್ಕೋ, ತಾತನ್ನೂ ಕರ್ಕೊಂಡು ಹೋಗು.

ಒಂದು ಎಚ್ಚರಿಕೆ ಮಾತು. ಇವತ್ತು ಕಾಡಿಗೆ ಬೆಂಕಿ ಹಾಕೋದು ಕಾನೂನು ಪ್ರಕಾರ ಅಪರಾಧ, ಅದು ಬಿಟ್ರೂ ಈಗಿರೋ ಲಂಟಾನಾ ಪೊದೆಗೆ ಬೆಂಕಿ ತಾಗಿದ್ರೆ ಅದು ತರಗು ಬೆಂಕಿ ಆಗಿ ಉಳಿಯಲ್ಲ, ಏಣಿ ಹತ್ತಿದ ಹಾಗೆ ಮರದ ತುದಿಗೆ ಹೋಗುತ್ತೆ. ಮೊದ್ಲು ಲಂಟಾನಾ ಬೇರು ಸಮೇತ ತೆಗೀಬೇಕು, ಆಮೇಲೆ ಇಲಾಖೆ ಮತ್ತೆ ಗ್ರಾಮಸಭೆ ಕೂತು ಎಲ್ಲಿ ಯಾವಾಗ ಅಂತ ತೀರ್ಮಾನ ಮಾಡಿ ಸಣ್ಣದಾಗಿ ಶುರು ಮಾಡ್ಬೇಕು. ಆ ಕೂತು ತೀರ್ಮಾನ ಮಾಡೋ ಕೆಲಸಾನೇ ಇನ್ನೂ ಆಗ್ತಿಲ್ಲ.

ಪ್ರಶ್ನೆ: ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಪ್ರತಿ ವರ್ಷ ಕಾಡ್ಗಿಚ್ಚು, ಹೊಗೆಗೆ ಮಕ್ಕಳನ್ನ ಮನೆಯಿಂದ ಹೊರಗೆ ಬಿಡೋಕಾಗಲ್ಲ. ಈಗ ಇಲ್ಲಿನ ಮೂಲನಿವಾಸಿಗಳನ್ನ ಕರೆಸಿ ಬೆಂಕಿ ಹಾಕಿಸ್ತಿದ್ದಾರೆ ಅಂತ ಕೇಳ್ದೆ. ನಮ್ಮ ಸೋಲಿಗರದ್ದೂ ಇದೂ ಒಂದೇನಾ? (ಸ್ಯಾಕ್ರಮೆಂಟೊ)

ಉತ್ತರ: ಒಂದೇ ಅಂತ ಹೇಳೋಕಾಗಲ್ಲ, ಕಾಡು ಬೇರೆ ಜನ ಬೇರೆ, ಆದ್ರೆ ಅವರಿಗಾದ ಅನ್ಯಾಯ ಮಾತ್ರ ಅಕ್ಕತಂಗಿಯರ ಥರ ಇದೆ. ನಿಮ್ಮ ರಾಜ್ಯದ ಉತ್ತರ ಭಾಗದಲ್ಲಿ, ಕ್ಲಾಮತ್ ನದಿ ಕಡೆ, ಕರೂಕ್, ಯೂರೋಕ್ ಅಂತ ಬುಡಕಟ್ಟುಗಳಿವೆ. ಬುಟ್ಟಿ ಹೆಣೆಯೋಕೆ ಬೇಕಾದ ಹೇಝಲ್ ಗಿಡದ ನೇರವಾದ ಕಡ್ಡಿ ಬರ್ಬೇಕು ಅಂದ್ರೆ, ಓಕ್ ಮರದ ಕಾಯಿಗೆ ಹುಳ ಹಿಡೀಬಾರ್ದು ಅಂದ್ರೆ, ಸಣ್ಣ ಬೆಂಕಿ ಹಾಕೋದು ಅವರ ಪದ್ಧತಿ. 1850ರಲ್ಲೇ ಕ್ಯಾಲಿಫೋರ್ನಿಯಾ ಸರ್ಕಾರ ಕಾನೂನು ಮಾಡಿ ಅವರು ಹುಲ್ಲುಗಾವಲಿಗೆ ಬೆಂಕಿ ಹಾಕೋದನ್ನ ಶಿಕ್ಷೆಗೆ ಗುರಿ ಮಾಡ್ತು. 1935ರಲ್ಲಿ ಅಮೆರಿಕದ ಫಾರೆಸ್ಟ್ ಸರ್ವಿಸ್, ಎಲ್ಲೇ ಬೆಂಕಿ ಕಂಡ್ರೂ ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹತೋಟಿಗೆ ತರ್ಬೇಕು ಅಂತ ನಿಯಮ ಮಾಡ್ಕೊಂತು. ಹೀಗೆ ದಶಕಗಟ್ಟಲೆ ಸಣ್ಣ ಬೆಂಕಿನೆಲ್ಲ ಆರಿಸ್ತಾ ಬಂದು ಒಣ ಸೌದೆ ಕಾಡಲ್ಲೇ ರಾಶಿ ಬಿತ್ತು, ನಿಮ್ಮ ಮನೆಗೆ ಬರೋ ಹೊಗೆಲಿ ಆ ರಾಶಿಯದ್ದೂ ಪಾಲಿದೆ, ಬಿಸಿಲು ಬರ ಏರಿದ್ದೂ ಸೇರಿ.

ಈಗ ಅವರು ದಾರಿ ಬದಲಾಯಿಸ್ತಿದ್ದಾರೆ. 2024ರಲ್ಲಿ ನಿಮ್ಮ ರಾಜ್ಯ ಒಂದು ಕಾನೂನು ತಂತು, ಬುಡಕಟ್ಟುಗಳು ರಾಜ್ಯದ ಜೊತೆ ಒಪ್ಪಂದ ಮಾಡ್ಕೊಂಡ್ರೆ ತಮ್ಮ ಸಾಂಪ್ರದಾಯಿಕ ಬೆಂಕಿನ ತಾವೇ ತೀರ್ಮಾನಿಸಿ ಹಾಕ್ಬಹುದು, ಪ್ರತಿ ಸಲ ರಾಜ್ಯದ ಪರ್ಮಿಟ್ಟಿಗೆ ಅಲೀಬೇಕಾಗಿಲ್ಲ. ಅದ್ರಡಿ ಮೊದ್ಲು ಒಪ್ಪಂದ ಮಾಡ್ಕೊಂಡಿದ್ದು ಕರೂಕ್ ಜನ, 2025ರಲ್ಲಿ. ಕೂಲಿಗೆ ಕರೆಸಿ ಬೆಂಕಿ ಹಾಕಿಸೋದಕ್ಕೂ ತೀರ್ಮಾನ ಅವರ ಕೈಗೇ ಕೊಡೋದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ನಮ್ಮ ಬೆಟ್ಟಕ್ಕೂ ಅಂಥದ್ದೊಂದು ದಿನ ಬರ್ಲಿ ಅಂತ ನಂಗೆ ತುಂಬಾ ಆಸೆ.

ಪ್ರಶ್ನೆ: ಅಮೆರಿಕದ ಬೇರ್ಸ್ ಇಯರ್ಸ್ ಬಗ್ಗೆ ಒಂದು ಸಾಲು ಬರ್ದು ಬಿಟ್ಬಿಟ್ರಿ. ಅಲ್ಲಿ ಸರ್ಕಾರಿ ಜಮೀನನ್ನ ಬುಡಕಟ್ಟಿನವರಿಗೆ ಕೊಟ್ಬಿಟ್ರಾ? (ನಿವೃತ್ತ ಬ್ಯಾಂಕ್ ನೌಕರರು, ಹುಬ್ಬಳ್ಳಿ)

ಉತ್ತರ: ಇಲ್ಲ ಸರ್, ಕೊಟ್ಟಿಲ್ಲ. ಜಮೀನು ಈಗ್ಲೂ ಅಮೆರಿಕದ ಕೇಂದ್ರ ಸರ್ಕಾರದ್ದೇ, ಎಲ್ಲ ಜನರದ್ದೂ. ಯೂಟಾ ರಾಜ್ಯದಲ್ಲಿ ಕರಡಿ ಕಿವಿ ಥರ ಕಾಣೋ ಎರಡು ಗುಡ್ಡ ಇವೆ, ಅದಕ್ಕೇ ಆ ಹೆಸರು. ಹೋಪಿ, ನವಾಹೋ, ಝೂನಿ ಮತ್ತೆ ಎರಡು ಯೂಟ್ ಬುಡಕಟ್ಟುಗಳು, ಒಟ್ಟು ಐದು ಸೇರಿ 2015ರಲ್ಲಿ ಒಂದು ಒಕ್ಕೂಟ ಮಾಡ್ಕೊಂಡು ತಮ್ಮ ಪೂರ್ವಿಕರ ಜಾಗ ಉಳಿಸಿ ಅಂತ ಕೇಳಿದ್ರು. 2016ರ ಡಿಸೆಂಬರಲ್ಲಿ ಒಬಾಮಾ ಸುಮಾರು 13.5 ಲಕ್ಷ ಎಕರೆನ ರಾಷ್ಟ್ರೀಯ ಸ್ಮಾರಕ, ಅಂದ್ರೆ ಸಂರಕ್ಷಿತ ಜಾಗ, ಅಂತ ಘೋಷಣೆ ಮಾಡಿದ್ರು. ಒಂದೇ ವರ್ಷಕ್ಕೆ ಟ್ರಂಪ್ ಅದರಲ್ಲಿ ನೂರಕ್ಕೆ 85 ಭಾಗ ಕಿತ್ತು ಹಾಕಿದ್ರು, 2021ರ ಅಕ್ಟೋಬರಲ್ಲಿ ಬೈಡನ್ ವಾಪಸ್ ಸೇರಿಸಿದ್ರು. 2022ರ ಜೂನಲ್ಲಿ ಎರಡು ಕೇಂದ್ರ ಇಲಾಖೆಗಳೂ ಐದು ಬುಡಕಟ್ಟುಗಳೂ ಒಂದೇ ಮೇಜಿಗೆ ಕೂತು ಜೊತೆಯಾಗಿ ನೋಡ್ಕೊಳ್ಳೋ ಒಪ್ಪಂದಕ್ಕೆ ಸಹಿ ಹಾಕಿದ್ರು. ಯೋಜನೆ ಮಾಡೋವಾಗ ಬುಡಕಟ್ಟಿನ ತಿಳುವಳಿಕೆಗೂ ಜಾಗ ಇರ್ಬೇಕು ಅನ್ನೋದು ಅದ್ರ ತಿರುಳು.

ಜೊತೆಯಾಗಿ ನೋಡ್ಕೊಳ್ಳೋದು ಅಂದ್ರೆ ಇದೇ, ಒಡೆತನ ಸಾರ್ವಜನಿಕರದ್ದಾಗಿ ಉಳಿದ್ರೂ ತೀರ್ಮಾನ ಮಾಡೋವಾಗ ಅಲ್ಲಿಯವರಿಗೆ ಕುರ್ಚಿ ಇರ್ಬೇಕು. ಆದ್ರೆ ಅಧ್ಯಕ್ಷರು ಬದಲಾದ ಹಾಗೆಲ್ಲ ಗಡಿ ಹಿಗ್ಗೋದು ಕುಗ್ಗೋದು ಆದ್ರೆ ಆ ಕುರ್ಚಿ ಗಟ್ಟಿ ಅಲ್ಲ. ಆ ವಿಷಯದಲ್ಲಿ ನಮ್ಮ ಅರಣ್ಯ ಹಕ್ಕು ಕಾಯ್ದೆ ಅದಕ್ಕಿಂತ ಬಲವಾದದ್ದು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಅದು ಪಾರ್ಲಿಮೆಂಟು 2006ರಲ್ಲಿ ಮಾಡಿದ ಕಾಯ್ದೆ, ಯಾರೋ ಒಬ್ಬರ ಸಹಿಗೆ ಹೋಗಲ್ಲ.

ಪ್ರಶ್ನೆ: ನಮ್ಮ ತಂದೆ ಕಾಲದಿಂದ ಕಾಡಂಚಲ್ಲಿ ಎರಡೆಕರೆ ಮಾಡ್ತಿದ್ದೀವಿ, ನಾವು ಬುಡಕಟ್ಟಿನವರಲ್ಲ. ಈ ಕಾಯ್ದೆಲಿ ನಮಗೆ ಸಿಗುತ್ತಾ? (ರೈತರು, ಶಿವಮೊಗ್ಗ ಜಿಲ್ಲೆ)

ಉತ್ತರ: ಬುಡಕಟ್ಟಿನವರಲ್ಲದಿದ್ರೆ 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲೇ ವಾಸ ಇದ್ದು ಜೀವನಕ್ಕೆ ಕಾಡನ್ನೇ ನಂಬಿದ್ರು ಅಂತ ತೋರಿಸ್ಬೇಕು. ತಂದೆ ಕಾಲದಿಂದ ಅಂತ ಮಾತ್ರ ಹೇಳಿದ್ರೆ ಸಾಕಾಗಲ್ಲ. ಹಿರಿಯರ ಹೇಳಿಕೆನೂ ಸಾಕ್ಷಿ ಆಗುತ್ತೆ, ಬರೀ ಕಾಗದಾನೇ ಬೇಕು ಅಂತಿಲ್ಲ, ಆದ್ರೆ ಒಂದೇ ಸಾಕ್ಷಿ ಸಾಲಲ್ಲ, ಕಡೇಪಕ್ಷ ಎರಡು ಥರದ್ದು ಬೇಕು. ಬಗರ್‌ಹುಕುಂ ಬೇರೆ ಕಾನೂನು, ಅದನ್ನೂ ಇದನ್ನೂ ಸೇರಿಸ್ಕೋಬೇಡಿ. ಮತ್ತೆ ಯಾರಾದ್ರೂ ದುಡ್ಡು ಕೊಡಿ ಮಾಡಿಸ್ಕೊಡ್ತೀನಿ ಅಂದ್ರೆ ಕೊಡ್ಬೇಡಿ, ಅರ್ಜಿಗೆ ಫೀಸಿಲ್ಲ.

ಪ್ರಶ್ನೆ: ಗ್ರಾಮಸಭೆ ಕಾಡು ನೋಡ್ಕೊಂಡು ನಿಜವಾಗ್ಲೂ ಚೆನ್ನಾಗಿ ಮಾಡಿದ ಊರು ನಮ್ಮ ದೇಶದಲ್ಲಿ ಒಂದಾದ್ರೂ ಇದ್ಯಾ? ಮಕ್ಕಳಿಗೆ ಹೇಳೋಕೆ ಬೇಕಿತ್ತು. (ಶಿಕ್ಷಕರು, ಸಾಗರ)

ಉತ್ತರ: ಇದೆ ಮೇಷ್ಟ್ರೇ, ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಲಿ ಮೆಂಡಾ ಲೇಖಾ ಅಂತ ಗೊಂಡ ಬುಡಕಟ್ಟಿನವರ ಊರು. 2009ರಲ್ಲಿ ಅವರಿಗೆ ಸುಮಾರು 1,800 ಹೆಕ್ಟೇರ್ ಕಾಡಿನ ಸಮುದಾಯ ಹಕ್ಕು ಸಿಕ್ತು, ದೇಶದಲ್ಲೇ ಮೊದಲನೆಯವರ ಸಾಲಲ್ಲಿ. ಹಕ್ಕು ಸಿಕ್ಕಿದ್ರೂ ಬಿದಿರು ಕಡಿದು ಮಾರೋಕೆ ಬಿಡ್ತಿರ್ಲಿಲ್ಲ, ಬಿದಿರು ಮರ ಅಂತ ಒಂದು ವಾದ, ಹುಲ್ಲು ಅಂತ ಇನ್ನೊಂದು ವಾದ, ಕಾಯ್ದೆಲಿ ಮಾತ್ರ ಬಿದಿರು ಕಿರು ಅರಣ್ಯ ಉತ್ಪನ್ನ (ಮರದ ದಿಮ್ಮಿ ಬಿಟ್ಟು ಕಾಡಿನ ಗಿಡಮರದಿಂದ ಸಿಗೋದು) ಅಂತ ಸ್ಪಷ್ಟವಾಗಿ ಬರ್ದಿದೆ. ಕೊನೆಗೆ 2011ರ ಏಪ್ರಿಲಲ್ಲಿ ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಆ ಊರಿಗೇ ಹೋಗಿ ಬಿದಿರು ಸಾಗಿಸೋ ಪಾಸ್ ಪುಸ್ತಕನ ಗ್ರಾಮಸಭೆ ಕೈಗೆ ಕೊಟ್ರು. ಆ ಊರಿನವರ ಘೋಷಣೆನ ನಮ್ಮ ಭಾಷೆಲಿ ಹೇಳಿದ್ರೆ, ದಿಲ್ಲಿ ಮುಂಬೈಲಿ ನಮ್ಮ ಸರ್ಕಾರ, ನಮ್ಮೂರಲ್ಲಿ ನಾವೇ ಸರ್ಕಾರ. ತೀರ್ಮಾನ ಎಲ್ಲ ಅವರು ಬಹುಮತದಿಂದ ಮಾಡಲ್ಲ, ಎಲ್ಲರೂ ಒಪ್ಪೋವರೆಗೂ ಕೂತು ಮಾತಾಡ್ತಾರೆ. ಮಕ್ಕಳಿಗೆ ಇದನ್ನ ಹೇಳಿ, ಕ್ಲಾಸಲ್ಲಿ ಒಂದ್ಸಲ ಹಾಗೇ ಮಾಡಿಸಿ ನೋಡಿ.

ನಿಮ್ಮ ಮಕ್ಕಳಿಗೆ ಇನ್ನೊಂದು ಪುಟ್ಟ ವಿಷಯ. ಬಿಳಿಗಿರಿರಂಗನ ಬೆಟ್ಟದಲ್ಲಿ ಸಿಕ್ಕ ಒಂದು ಹೊಸ ಕಣಜದ ಕುಲಕ್ಕೆ (ಜೀವಶಾಸ್ತ್ರದಲ್ಲಿ ಹತ್ತಿರದ ಜಾತಿಗಳ ಗುಂಪು) 2022ರಲ್ಲಿ ವಿಜ್ಞಾನಿಗಳು ಸೋಲಿಗ ಅಂತಾನೇ ಹೆಸರಿಟ್ರು, ಆ ಕಾಡನ್ನ ಕಾಪಾಡ್ಕೊಂಡು ಬಂದವರ ನೆನಪಿಗೆ.

ಪ್ರಶ್ನೆ: ಸೋಲಿಗರ ಜೇನುತುಪ್ಪ, ಕಾಫಿ ತಗೊಂಡ್ರೆ ಅವರಿಗೆ ಸಹಾಯ ಆಗುತ್ತಾ? (ಮಂಡ್ಯ)

ಉತ್ತರ: ಅವರ ಸಂಘದಿಂದಲೋ ಲ್ಯಾಂಪ್ಸ್ ಸೊಸೈಟಿಯಿಂದಲೋ ನೇರವಾಗಿ ತಗೊಂಡ್ರೆ ಖಂಡಿತ ಆಗುತ್ತೆ. ಹೆಜ್ಜೇನು ತೆಗೆಯೋದು ರಾತ್ರಿ, ಎತ್ತರದ ಮರ ಹತ್ತಿ, ಹೊಗೆ ಹಾಕಿ, ಹಾಡು ಹೇಳ್ಕೊಂಡು. ಗೂಡೆಲ್ಲ ಕಿತ್ತು ತರಲ್ಲ, ಮರಿ ಇರೋ ಭಾಗನ ಹುಳಕ್ಕೇ ಬಿಟ್ಟು ಬರ್ತಾರೆ. ಆ ಶ್ರಮಕ್ಕೆ ಚೌಕಾಸಿ ಮಾಡ್ಬೇಡಿ. ಮಲೆ ಮಹದೇಶ್ವರ ಬೆಟ್ಟದ ಕಡೆ ಲಂಟಾನಾ ಕಡ್ಡಿಲಿ ಕುರ್ಚಿ, ಬುಟ್ಟಿ ಮಾಡೋ ಸೋಲಿಗರಿದ್ದಾರೆ, ಅದನ್ನೂ ತಗೊಳಿ, ಮನೆಗೆ ಕುರ್ಚಿನೂ ಬಂತು ಕಾಡಿಂದ ಒಂದು ಪೊದೆನೂ ಹೋಯ್ತು.

ಪ್ರಶ್ನೆ: ಅಕ್ಕಾ, ನಂದು ಸೋಲಿಗರ ಪೋಡು. ನಮ್ ಪೋಡಿಗೆ ಸಮುದಾಯ ಹಕ್ಕುಪತ್ರ ಬಂದು ಎಷ್ಟೋ ವರ್ಷ ಆಯ್ತು, ಫ್ರೇಮ್ ಹಾಕಿ ಇಟ್ಟವ್ರೆ. ಆದ್ರೂ ನೆಲ್ಲಿಕಾಯಿ ತರೋವಾಗ ಫಾರೆಸ್ಟಿನವ್ರು ಯಾರ್ ಪರ್ಮಿಶನ್ ತಗೊಂಡೆ ಅಂತ ಕೇಳ್ತಾರೆ, ಯಾವ್ ಮರ ನೆಡ್ಬೇಕು, ಎಲ್ಲಿ ರಸ್ತೆ ಮಾಡ್ಬೇಕು ಅಂತ ಅವ್ರೇ ತೀರ್ಮಾನ ಮಾಡ್ತಾರೆ, ನಮ್ಮನ್ನ ಕರೆಯೋದು ಗುಂಡಿ ತೋಡೋಕೆ ಮಾತ್ರ. ಈ ಕಾಗ್ದ ಇಟ್ಕೊಂಡು ನಾವೇನ್ ಮಾಡ್ಬೇಕು? (ಯುವಕ, ಚಾಮರಾಜನಗರ ಜಿಲ್ಲೆ)

ಉತ್ತರ: ತಮ್ಮಾ, ನಿನ್ನ ಪತ್ರನ ಕೊನೆಗೆ ಇಟ್ಟಿದ್ದು ಬೇಕಂತಾನೇ, ಮೇಲಿನೋರು ಕೇಳಿದ್ದಕ್ಕೆಲ್ಲ ನಿಜವಾದ ಉತ್ತರ ನಿನ್ನ ಪೋಡಲ್ಲಿದೆ.

ಮೊದ್ಲು ಆ ಫ್ರೇಮ್ ಬಿಚ್ಚಿ ಹಕ್ಕುಪತ್ರದಲ್ಲಿ ಏನು ಬರ್ದಿದೆ ಅಂತ ಓದು. ಕಾಯ್ದೆಲಿ ಎರಡು ಬೇರೆ ಬೇರೆ ಹಕ್ಕಿವೆ. ಒಂದು, ಕಿರು ಉತ್ಪನ್ನ ತರೋದು, ಮೀನು ಹಿಡಿಯೋದು, ದನ ಮೇಯಿಸೋದು, ಪೂಜೆ ಜಾಗಕ್ಕೆ ಹೋಗೋದು, ಇದೆಲ್ಲ ಸಮುದಾಯ ಹಕ್ಕು, ಅದಕ್ಕೆ ಹಾಕೋ ಅರ್ಜಿ ನಮೂನೆ ಬಿ. ಇನ್ನೊಂದು ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕು, ಅಂದ್ರೆ ನಿಮ್ಮ ಎಲ್ಲೆಯ ಕಾಡನ್ನ ಕಾಪಾಡೋ, ಮತ್ತೆ ಬೆಳೆಸೋ, ನಿರ್ವಹಣೆ ಮಾಡೋ ಹಕ್ಕು, ಸೆಕ್ಷನ್ 3(1)(ಐ), ಅದಕ್ಕೆ ನಮೂನೆ ಸಿ. ನಿಮ್ಮ ಹಕ್ಕುಪತ್ರದಲ್ಲಿ ಆರಿಸೋದು ಮಾತ್ರ ಬರ್ದು, ನೋಡ್ಕೊಳ್ಳೋದು ಬಿಟ್ಟಿದ್ರೆ ನಮೂನೆ ಸಿ ಹಾಕ್ಬೇಕು, ಒಂದು ಸಿಕ್ಕಿದೆ ಅಂತ ಇನ್ನೊಂದು ಕೇಳ್ಬಾರ್ದು ಅಂತಿಲ್ಲ. ಹಾಕೋವಾಗ ಎಲ್ಲೆಯ ಗುರುತು ಎಲ್ಲಾ ಸೇರಿಸಿ, ಯಾವ ಹಳ್ಳ, ಯಾವ ಬಂಡೆ, ಯಾವ ಮಾರಮ್ಮ, ಯಾವ ಅಬ್ಬಿ, ಅಜ್ಜಅಜ್ಜಿಯರನ್ನ ಕರ್ಕೊಂಡು ನಡೆದು ಬರ್ಕೊಳ್ಳಿ. ಕಾಡು ನಿರ್ವಹಣೆ ಹಕ್ಕು ಇರ್ಲಿ ಇಲ್ದೇ ಇರ್ಲಿ, ಸೆಕ್ಷನ್ 5ರ ಪ್ರಕಾರ ಪ್ರಾಣಿ, ಕಾಡು, ನೀರಿನ ಮೂಲ ಕಾಪಾಡೋ ಅಧಿಕಾರ ಗ್ರಾಮಸಭೆಗೆ ಇದ್ದೇ ಇದೆ.

ಎರಡನೇದು, ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ 4(1)(ಇ), 4(1)(ಎಫ್) ಅಂತ ಇವೆ, ಅವುಗಳ ಪ್ರಕಾರ ಗ್ರಾಮಸಭೆ ತನ್ನೊಳಗಿಂದಲೇ ಒಂದು ಸಮಿತಿ ಮಾಡಿ, ಆ ಸಮಿತಿ ಕಾಡಿನ ಸಂರಕ್ಷಣೆ ಮತ್ತೆ ನಿರ್ವಹಣೆ ಯೋಜನೆ ಬರೀಬೇಕು. ಯೋಜನೆ ಅಂದ್ರೆ ಹೆದರ್ಬೇಡಿ. ಯಾವ ಎಲ್ಲೆಲಿ ಲಂಟಾನಾ ಮೊದ್ಲು ಕೀಳೋದು, ನೆಲ್ಲಿ ಮರದ ಉಪ್ಪಿಲು ಯಾವಾಗ ತೆಗೆಯೋದು, ಯಾವ ಮರದ ಕಾಯಿ ಎಷ್ಟು ಬಿಡೋದು, ಯಾವ ಅಬ್ಬಿ ಬತ್ತುತ್ತಿದೆ, ಇಷ್ಟು ಬರೀರಿ, ಕನ್ನಡದಲ್ಲೇ. ಬೆಂಕಿ ವಿಷಯ ಚರ್ಚೆ ಆಗ್ಬೇಕು ಅಂತಾನೂ ಸೇರಿಸಿ. ಇಲಾಖೆಯ ಕೆಲಸದ ಯೋಜನೆ ಜೊತೆ ಇದನ್ನ ಹೊಂದಿಸ್ಬೇಕು ಅಂತ ನಿಯಮದಲ್ಲೇ ಇದೆ, ಹೊಂದಿಸೋಕೆ ನಿಮ್ಮದೊಂದು ಯೋಜನೆ ಕಾಗದದ ಮೇಲೆ ಇರ್ಬೇಕಲ್ಲ, ಅದಿಲ್ದೇ ಹೋದ್ರೆ ಇರೋದು ಅವರದ್ದು ಒಂದೇ.

ಪರ್ಮಿಶನ್ ಯಾರದ್ದು ಅಂತ ಕೇಳ್ತಾರಲ್ಲ, ಆ ನಿಯಮಗಳಿಗೆ 2012ರಲ್ಲಿ ತಿದ್ದುಪಡಿ ಆದ್ಮೇಲೆ ಕಿರು ಅರಣ್ಯ ಉತ್ಪನ್ನ ಸಾಗಿಸೋ ಪರ್ಮಿಟ್ ಕೊಡೋದು ಗ್ರಾಮಸಭೆಯ ಅದೇ ಸಮಿತಿ, ಇಲ್ಲ ಗ್ರಾಮಸಭೆ ನೇಮಿಸಿದ ವ್ಯಕ್ತಿ. ಅಂದ್ರೆ ಸಮಿತಿ ಮಾಡಿ, ಒಂದು ರಶೀದಿ ಪುಸ್ತಕ ಮಾಡ್ಸಿ, ಸೀಲು ಮಾಡ್ಸಿ, ಅದರ ನಿರ್ಣಯದ ಪ್ರತಿನ ರೇಂಜ್ ಆಫೀಸಿಗೂ ಜಿಲ್ಲಾ ಮಟ್ಟದ ಸಮಿತಿಗೂ ಕೊಟ್ಟು ಸ್ವೀಕೃತಿ ತಗೊಂಡಿಟ್ಕೊಳ್ಳಿ. ಜಗಳ ಆಡ್ಬೇಡಿ, ಕಾಗದ ತೋರ್ಸಿ. ನಿಮ್ಮ ಕಡೆ ವಿಷಯ ಗೊತ್ತಿರೋ ಒಳ್ಳೆ ಅಧಿಕಾರಿಗಳೂ ಇದ್ದಾರೆ, ಅವರ ಹತ್ರ ಮೊದ್ಲು ಹೋಗಿ.

ಕೊನೆದಾಗಿ ಸಭೆ ವಿಷಯ. ಅರ್ಧದಷ್ಟು ಜನ ಸೇರ್ಲೇಬೇಕು, ಸೇರಿದವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರ್ಲೇಬೇಕು, ಇಲ್ದಿದ್ರೆ ನಿರ್ಣಯನ ಯಾರು ಬೇಕಾದ್ರೂ ತಳ್ಳಿಹಾಕ್ಬಹುದು. ಕಾಫಿ ತೋಟಕ್ಕೆ ಕೂಲಿಗೆ ಹೋಗೋ ಹೆಂಗಸರು ಬೆಳಿಗ್ಗೆ ಹತ್ತು ಗಂಟೆ ಸಭೆಗೆ ಬರೋಕಾಗಲ್ಲ, ಅದಕ್ಕೆ ಭಾನುವಾರ ಇಲ್ಲ ಸಂಜೆ ಇಡಿ, ನಿರ್ಣಯನ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿ ಹೆಬ್ಬೆಟ್ಟು ತಗೊಳ್ಳಿ. ನಮೂನೆ ಸಿ ಪ್ರತಿ ಸಿಗ್ಲಿಲ್ಲ ಅಂದ್ರೆ ಪತ್ರಿಕೆ ಕಚೇರಿಗೆ ಬರಿ, ಪೋಸ್ಟಲ್ಲಿ ಕಳಿಸ್ತೀನಿ.